ಎರಡು ಸಾಕ್ಷಿಯ ಮೇಸ್ತ್ರಿ

ಆತನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಮರೆತಿದ್ದೇನೆ ಅಂತಲ್ಲ. ರೈಲ್ವೆ ಕಚೇರಿಯ ಒಂದು ವಿಚಾರಣೆ ಕಾಗದದಲ್ಲಿ ನನ್ನ ಹೆಸರು ಇರಬೇಕಾದ ಜಾಗದಲ್ಲಿ ಆತನ ಹೆಸರಿದೆ. ಅಷ್ಟು ಕೆಟ್ಟ ಜಾಗದಲ್ಲಿ ಒಮ್ಮೆ ಬರೆಸಿಕೊಂಡ ಹೆಸರನ್ನು ಮತ್ತೊಮ್ಮೆ ಬರೆಯಲು ನನಗೆ ಕೈ ಬಾರದು. ಸ್ಟೇಷನ್ನಿನಲ್ಲಿ ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಹೋದ ತಿಂಗಳು ನಮ್ಮ ಹಳೆಯ ಕ್ಯಾಬಿನ್ ನೌಕರನಿಂದ ಒಂದು ಕಾರ್ಡು ಬಂತು: ಮೇಸ್ತ್ರಿ ತೀರಿಕೊಂಡು ಹದಿನೈದು ದಿನವಾಯಿತು, ನಿಮಗೆ ಯಾರಾದರೂ ತಿಳಿಸಿದರೋ ಇಲ್ಲವೋ. ಯಾರೂ ತಿಳಿಸಿರಲಿಲ್ಲ. ಯಾಕೆ ತಿಳಿಸುತ್ತಾರೆ? ಆರು ವರ್ಷದಲ್ಲಿ ಒಂದು ಸಲವೂ ಆತನ ಊರಿನ ಕಡೆ ತಲೆ ಹಾಕದ ಮನುಷ್ಯ ನಾನು.

ಆಗ ನಾನು ಸಹಾಯಕ ಸ್ಟೇಷನ್ ಮಾಸ್ಟರ್ ಆಗಿದ್ದ ಸ್ಟೇಷನ್ನು ಕೊರಟಗೆರೆಗೂ ಮಧುಗಿರಿಗೂ ಪೂರ್ವಕ್ಕೆ, ಹಿಂದೂಪುರದ ಕಡೆ ಹೋಗುವ ದಾರಿಯಲ್ಲಿತ್ತು. ಮಧುಗಿರಿಗಾಗಲಿ ಪಾವಗಡಕ್ಕಾಗಲಿ ರೈಲಿಲ್ಲ; ಅಲ್ಲಿಯ ಜನ ರೈಲು ಹತ್ತಬೇಕಾದರೆ ಗಾಡಿ ಕಟ್ಟಿಕೊಂಡು ನಮ್ಮಂಥ ಸ್ಟೇಷನ್ನಿಗೆ ಬರಬೇಕು. ನಾನು ಶಿರಾದ ಅಯ್ಯನವರ ಮನೆಯವನು, ಹದಿನೆಂಟು ವರ್ಷದವರೆಗೆ ರೈಲನ್ನೇ ನೋಡದೆ ರೈಲ್ವೆಗೆ ಸೇರಿದವನು. ಮೇಸ್ತ್ರಿ ಪುರವರದ ಹತ್ತಿರದ ಹಳ್ಳಿಯ ಕುರುಬರವನು. ಕುರಿ ಕಾಯುತ್ತಿದ್ದವನು ಕಂಬಿ ಹಾಕುವ ಗ್ಯಾಂಗಿಗೆ ಸೇರಿ, ಅಲ್ಲಿಂದ ಸಿಗ್ನಲ್ಲಿನ ಕೆಲಸ ಕಲಿತು, ಇಂಗ್ಲಿಷು ಒಂದಕ್ಷರ ಬಾರದಿದ್ದರೂ ಎಂಜಿನಿಯರುಗಳು ತಿದ್ದಲಾಗದ್ದನ್ನು ತಿದ್ದುವವನಾಗಿದ್ದ.

ಉತ್ತರದಿಂದ ಬರುವ ಗಾಡಿಗಳಿಗೆ ಎರಡು ಮೈಲಿ ಇಳಿಜಾರು. ಇಳಿಜಾರು ಮುಗಿಯುವ ಕಡೆ ಕೈಕಂಬ, ಅಂದರೆ ಕೈ ಅಡ್ಡ ನಿಂತರೆ ನಿಲ್ಲು, ಕೆಳಗೆ ಬಿದ್ದರೆ ಬಾ ಎನ್ನುವ ಸಿಗ್ನಲ್ಲು. ಅದನ್ನು ದಾಟಿದ ಕೂಡಲೇ ಕಂಬಿ ಗಕ್ಕನೆ ತಿರುಗಿ ಪ್ಲಾಟ್‌ಫಾರಂ ಕಡೆ ಹೊರಳುತ್ತದೆ. ಜೋರಾಗಿ ಬಂದ ಗಾಡಿ ಆ ತಿರುವಿನಲ್ಲಿ ನಿಲ್ಲದು. ಅದಕ್ಕೇ ಅಲ್ಲಿ ಒಂದು ಏರ್ಪಾಟಿತ್ತು. ಕ್ಯಾಬಿನ್ನಿನಲ್ಲಿ ನಾವು ಲಿವರ್ ಎಳೆದರೂ ಕೈಕಂಬದ ಕೈ ಬೀಳುತ್ತಿರಲಿಲ್ಲ. ಗಾಡಿ ತೀರ ಹತ್ತಿರ ಬಂದ ಮೇಲೆಯೇ ಬೀಳುತ್ತಿತ್ತು. ಕೈ ಎದ್ದೇ ಇರುವುದನ್ನು ದೂರದಿಂದ ಕಂಡ ಡ್ರೈವರ್ ನಿಲ್ಲಿಸಬೇಕಾದೀತು ಎಂದು ಬ್ರೇಕು ಹಾಕಿಕೊಂಡು ಬರುತ್ತಾನೆ, ಹಾಗೆ ತಗ್ಗಿದ ಮೇಲೆ ಅವನಿಗೆ ದಾರಿ ಸಿಗುತ್ತದೆ.

ಗಾಡಿ ಹತ್ತಿರ ಬಂತು ಎಂದು ಕಂಬಕ್ಕೆ ಹೇಳುವವರು ಇಬ್ಬರು. ಒಂದು ಟ್ರೆಡಲ್, ಕಂಬಿಯ ಪಕ್ಕಕ್ಕೆ ಕೂರಿಸಿದ ಕಬ್ಬಿಣದ ಸಣ್ಣ ಕೈ. ಗಾಲಿ ಬಂದು ಅದನ್ನು ತುಳಿಯುತ್ತದೆ. ಇನ್ನೊಂದು ಕಂಬಿಯೇ. ಕೈಕಂಬಕ್ಕೆ ಮುಂಚಿನ ಒಂದಷ್ಟು ದೂರದ ಕಂಬಿಗಳನ್ನು ಅಕ್ಕಪಕ್ಕದವುಗಳಿಂದ ಬೇರ್ಪಡಿಸಿ, ಒಂದು ತುದಿಯಲ್ಲಿ ಬ್ಯಾಟರಿ ಇಟ್ಟು, ಸಣ್ಣಗೆ ಕರೆಂಟು ಹರಿಸಿದ್ದರು. ಗಾಡಿ ಬಂದರೆ ಆ ಕರೆಂಟು ಗಾಲಿಗಳ ಅಚ್ಚಿನ ಮೂಲಕ ಅಡ್ಡ ಹರಿದುಹೋಗಿ, ಇನ್ನೊಂದು ತುದಿಯ ಪೆಟ್ಟಿಗೆಗೆ ಮುಟ್ಟುವುದಿಲ್ಲ. ಪೆಟ್ಟಿಗೆಗೆ ಕರೆಂಟು ನಿಂತರೆ ಗಾಡಿ ಬಂದಿದೆ ಎಂದು ಲೆಕ್ಕ. ಟ್ರೆಡಲೂ ಹೇಳಬೇಕು, ಕಂಬಿಯೂ ಹೇಳಬೇಕು. ಎರಡೂ ಹೇಳಿದರೆ ಮಾತ್ರ ಕೈ ಬೀಳುತ್ತದೆ.

ಇದೆಲ್ಲ ನನಗೆ ಪುಸ್ತಕದಿಂದ ಬಂದದ್ದಲ್ಲ. ಮಧ್ಯಾಹ್ನ ಎರಡು ಗಾಡಿಗಳ ನಡುವೆ ಹೊಂಗೆ ಮರದ ಕೆಳಗೆ ಮಣ್ಣಿನಲ್ಲಿ ಗೆರೆ ಎಳೆದು ಮೇಸ್ತ್ರಿ ಹೇಳಿಕೊಟ್ಟದ್ದು.

"ಟ್ರೆಡಲ್ ಒಂದನ್ನೇ ನಂಬಂಗಿಲ್ಲ ಅಯ್ನೋರೆ. ಎಮ್ಮೆ ತುಳುದ್ರೂ ಬಂತು ಅಂತೈತೆ. ಕಂಬಿ ಒಂದನ್ನೇ ನಂಬಂಗಿಲ್ಲ. ಮಳೆ ಬಂದು ಜಲ್ಲಿ ನೆಂದ್ರೆ ಕರೆಂಟು ನೆಲಕ್ಕೆ ಇಳುದು, ಗಾಡಿ ಇಲ್ದೆನೇ ಬಂತು ಅಂತೈತೆ. ಇಬ್ರೂ ಒಂದೇ ದಪ ಸುಳ್ಳು ಹೇಳಾಕಿಲ್ಲ. ಅದ್ಕೆ ಎಲ್ಡು ಸಾಕ್ಷಿ."

"ಇದನ್ನ ಯಾವ ಎಂಜಿನಿಯರ್ ಹೇಳಿಕೊಟ್ಟರು?" ಎಂದೆ.

"ಎಂಜಿನಿಯರ್ ಯಾಕೆ, ನಮ್ಮಪ್ಪ ಹೇಳಿದ್ದು," ಎಂದ. ಅವರ ಹಟ್ಟಿಯಲ್ಲಿ ಸಂಜೆ ಕುರಿ ಎಣಿಸುವವರು ಇಬ್ಬರಂತೆ. ಒಬ್ಬ ಬೇಲಿಯ ಹೊರಗೆ, ಒಬ್ಬ ಒಳಗೆ. ಇಬ್ಬರ ಎಣಿಕೆ ಕೂಡುವವರೆಗೆ ಮನೆಯಲ್ಲಿ ಯಾರೂ ಮುದ್ದೆ ಮುರಿಯುವಂತಿಲ್ಲ. ಒಂದು ಸಲ ಎಣಿಕೆ ಕೂಡದೆ ಬೆಳಗಿನ ತನಕ ಎಲ್ಲರೂ ಉಪವಾಸ ಮಲಗಿದ್ದರಂತೆ.

ಹಾಗಾಗಿ ಆತನಿಗೆ ಏನು ಹೇಳಿದರೂ ಇನ್ನೊಬ್ಬರನ್ನು ಕೇಳದೆ ನಂಬುತ್ತಿರಲಿಲ್ಲ. ಮಧುಗಿರಿಯಲ್ಲಿ ಮಳೆಯಾಯಿತಂತೆ ಎಂದರೆ, ಗಾಡಿಯಿಂದ ಇಳಿದ ಮತ್ತೊಬ್ಬ ಪುಣ್ಯಾತ್ಮನನ್ನು ಹಿಡಿದು ಕೇಳುವವನು. ಸಾರಿಗೆ ಉಪ್ಪು ಕಡಿಮೆ ಎಂದು ನಾನೊಮ್ಮೆ ಅಂದದ್ದಕ್ಕೆ, ಹೆಂಡತಿಯನ್ನು ಕರೆದು ರುಚಿ ನೋಡಿಸಿ ಆಮೇಲೆ ತಲೆಯಾಡಿಸಿದ. ನಾವೆಲ್ಲ ಚೆನ್ನಾಗಿ ಗೇಲಿ ಮಾಡುತ್ತಿದ್ದೆವು. ಆತನಿಗೆ ಬೇಜಾರಿಲ್ಲ. "ನಗ್ರಿ, ನಗ್ರಿ" ಎನ್ನುತ್ತಾ ಬೀಡಿ ಹಚ್ಚುತ್ತಿದ್ದ.

ಎತ್ತರದ ಒಣ ಆಳು. ಕೈಗೆ ಯಾವಾಗಲೂ ಸೀಮೆಎಣ್ಣೆ ವಾಸನೆ. ಬ್ಯಾಟರಿಯಲ್ಲಿ ಕಸುವಿದೆಯೇ ಎಂದು ನೋಡಲು ತಂತಿಯ ತುದಿಗಳನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದ. ಕಚೇರಿಯವರು ಕೊಟ್ಟ ಮೀಟರು ಬಟ್ಟೆಯಲ್ಲಿ ಸುತ್ತಿ ಮನೆಯಲ್ಲಿತ್ತು. ನಾಲಿಗೆ ಮಂದವಾಗುತ್ತದೆ ಎಂದು ಬೆಳಿಗ್ಗೆ ಹುಳಿ ಮುಟ್ಟುತ್ತಿರಲಿಲ್ಲ. ಹೆಂಡತಿ ಪಾವಗಡದ ಕಡೆಯವಳು, ಹುಣಸೆಹಣ್ಣಿಲ್ಲದೆ ಅಡಿಗೆಯೇ ಬಾರದು. ಈ ಗಂಡನ ದೆಸೆಯಿಂದ ಎರಡು ಸಾರು ಮಾಡಬೇಕಲ್ಲ ಎಂದು ಗೊಣಗುತ್ತಿದ್ದಳು. ಪೆಟ್ಟಿಗೆಯ ಬಾಗಿಲು ತೆಗೆಯುವ ಮುಂಚೆ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದ. ದೇವರ ಮನೆಯೋ ಎಂದು ನಾನು ಕೀಟಲೆ ಮಾಡಿದರೆ, "ಚೇಳು ಇರ್ತಾವೆ, ಹೇಳಿ ಹೋಗಬೇಕು" ಎನ್ನುತ್ತಿದ್ದ.

ಆ ದಾರಿಯ ಗೂಡ್ಸು ಗಾಡಿಗಳಲ್ಲಿ ಎಂಜಿನ್ನಿಗೆ ಕಲ್ಲಿದ್ದಲು ಹಾಕುವ, ಬಲಸಮುದ್ರದ ಒಬ್ಬ ಫೈರ್‌ಮನ್ ಬರುತ್ತಿದ್ದ. ಮೇಸ್ತ್ರಿಯ ಹೆಂಡತಿಗೆ ತವರಿನ ಕಡೆಯವನು, ಅಕ್ಕಾ ಎಂದು ಕರೆಯುವವನು. ಮೇಸ್ತ್ರಿಯ ಮನೆ ಕಂಬಿಯ ಪಕ್ಕದಲ್ಲೇ. ಎಂಜಿನ್ನು ಹಾಯುವಾಗ ಅಲ್ಲಿಂದಲೇ, "ಅಕ್ಕಾ, ಏಮಿ ವಂಟ ಇವತ್ತು?" ಎಂದು ಅರ್ಧ ತೆಲುಗಿನಲ್ಲಿ ಅಡಿಗೆ ಏನೆಂದು ಕೂಗಿ, ಬಟ್ಟೆಯಲ್ಲಿ ಕಟ್ಟಿದ ಕಡಲೆಕಾಯಿ ಎಸೆದು ಹೋಗುತ್ತಿದ್ದ. ಅವಳು ಏನಾದರೂ ಬೈದು ಉತ್ತರ ಕೊಡುತ್ತಿದ್ದಳು. ಮೇಸ್ತ್ರಿಗೆ ಮಕ್ಕಳಿರಲಿಲ್ಲ. ಆ ಹುಡುಗಾಟದ ಮನುಷ್ಯ ಹಾಯ್ದ ದಿನ ಅವರ ಮನೆಯಲ್ಲಿ ಮಾತು ಸ್ವಲ್ಪ ಹೆಚ್ಚಾಗಿರುತ್ತಿತ್ತು.

ಯುದ್ಧ ಬಂತು. ಸ್ಟೇಷನ್ ಮಾಸ್ಟರ್ ಬೇರೆ ಕಡೆ ಹೋಗಿ, ಜವಾಬ್ದಾರಿ ಮೊದಲ ಸಲ ನನ್ನ ತಲೆಗೆ ಬಿತ್ತು. ಅದೇ ಸಮಯಕ್ಕೆ ಟ್ರೆಡಲಿನ ಸ್ಪ್ರಿಂಗು ಮುರಿಯಿತು. ಬೇರೆ ಸ್ಪ್ರಿಂಗಿಗೆ ಬರೆದರೆ, ಯುದ್ಧದ ಕಾಲ, ಇದ್ದಾಗ ಕಳಿಸುತ್ತೇವೆ ಎಂಬ ಜವಾಬು. ಟ್ರೆಡಲ್ ಹೇಳದೆ ಕೈ ಬೀಳದು. ಬಂದ ಗಾಡಿಯೆಲ್ಲ ಕಂಬದ ಮುಂದೆ ನಿಲ್ಲಬೇಕು. ನಮ್ಮವನೊಬ್ಬ ಹಸಿರು ಬಾವುಟ ಹಿಡಿದು ನಡೆದುಹೋಗಿ ಒಳಗೆ ಕರೆತರಬೇಕು. ನಿಂತ ಗಾಡಿ ಮತ್ತೆ ಹೊರಡಲು ಅರ್ಧ ಗಂಟೆ. ಸೈನ್ಯದ ಸಾಮಾನಿನ ಗಾಡಿಗಳು ತಡವಾದವು. ಮೇಲಿನವರಿಂದ ದಿನಕ್ಕೊಂದು ಮೆಮೊ ಬರತೊಡಗಿತು. ಈ ಸ್ಟೇಷನ್ನಿಗೆ ಯೋಗ್ಯನಾದ ಬೇರೊಬ್ಬನನ್ನು ಹಾಕಬೇಕಾದೀತು ಎಂದು ಕೊನೆಯದರಲ್ಲಿ ಬರೆದಿದ್ದರು.

ನಾನು ಮೇಸ್ತ್ರಿಯನ್ನು ಕರೆದೆ. ಟ್ರೆಡಲಿನ ಎರಡು ತಂತಿಗಳನ್ನು ಕೂಡಿಸಿ ಕಟ್ಟಿಬಿಟ್ಟರೆ ಅದು ಸದಾ ತುಳಿದ ಹಾಗೇ ಇರುತ್ತದೆ. ಆಗ ಕಂಬಿಯ ಮಾತೊಂದರ ಮೇಲೇ ಕೈ ಬೀಳುತ್ತದೆ. ಅಷ್ಟು ಮಾಡು ಎಂದೆ.

"ಆಗಾಕಿಲ್ಲ ಅಯ್ನೋರೆ."

"ಸ್ಪ್ರಿಂಗು ಬರುವವರೆಗೆ ಮಾತ್ರ."

"ಒಂದು ಸಾಕ್ಷಿ ಸಾಲಾಕಿಲ್ಲ. ನಿಮಗೇ ಹೇಳಿಕೊಟ್ಟಿವ್ನಿ."

ನಾಲ್ಕು ದಿನ ಬಿಡದೆ ಕಾಡಿದೆ. ಮೊದಲು ಅಧಿಕಾರದಿಂದ, ಆಮೇಲೆ ಸಿಟ್ಟಿನಿಂದ. ಐದನೆಯ ದಿನ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕಣ್ಣಲ್ಲಿ ನೀರು ತಂದುಕೊಂಡೆ. ಬೇಕೆಂದೇ ತಂದದ್ದೋ ತಾನಾಗಿ ಬಂದದ್ದೋ ಇವತ್ತಿಗೂ ನನಗೆ ತಿಳಿಯದು. ಮೇಸ್ತ್ರಿ ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿದ. ಆಮೇಲೆ, "ಕಟ್ತೀನಿ. ಒಂದು ಹನಿ ಮಳೆ ಬಿದ್ರೂ ಬಿಚ್ಚಬೇಕು. ನಾನು ಎಲ್ಲೇ ಇದ್ರೂ ಆಳು ಕಳುಸ್ರಿ. ಆಳು ಸಿಗ್ದಿದ್ರೆ ಲಿವರ್ ಮುಟ್ಟಬ್ಯಾಡ್ರಿ," ಎಂದ. ನಾನು ಮಾತು ಕೊಟ್ಟೆ.

ಎಂಟು ದಿನ ಗಾಡಿಗಳು ಸಲೀಸಾಗಿ ಬಂದವು, ಮೆಮೊ ನಿಂತವು. ಮೇಸ್ತ್ರಿ ಮಾತ್ರ ಊಟಕ್ಕೂ ಮನೆಗೆ ಹೋಗದೆ ಆ ಟ್ರೆಡಲಿನ ಹತ್ತಿರವೇ ಕೂತಿರುತ್ತಿದ್ದ. ಗಾಡಿ ಬರುವ ಹೊತ್ತಿಗೆ ಆಕಾಶವನ್ನೂ ಕಂಬವನ್ನೂ ನೋಡುತ್ತಿದ್ದ. ಒಂಬತ್ತನೆಯ ದಿನ ಸ್ಟೇಷನ್ನಿನ ದಕ್ಷಿಣದ ಕೊನೆಯ ಕಂಬದಲ್ಲಿ ತಂತಿ ಕಡಿದು, ನಾನೇ ಆತನನ್ನು ಅಲ್ಲಿಗೆ ಕಳಿಸಿದೆ. ಮಧ್ಯಾಹ್ನ ಮೂರು ಗಂಟೆ. ಚನ್ನರಾಯನದುರ್ಗದ ದಿಕ್ಕಿನಿಂದ ಮೋಡ ಎದ್ದಿತು. ಉತ್ತರದ ಸ್ಟೇಷನ್ನಿನಿಂದ ಗೂಡ್ಸು ಗಾಡಿ ಹೊರಟಿತೆಂದು ಗಂಟೆ ಬಂದು, ಕ್ಯಾಬಿನ್ನಿನಲ್ಲಿ ಲಿವರ್ ಎಳೆದಾಗಿತ್ತು. ನಾನು ಹಳೆಯ ಮೆಮೊ ಒಂದಕ್ಕೆ ಜವಾಬು ಬರೆಯುತ್ತಾ ಕೂತಿದ್ದೆ. ಕಿಟಕಿಯಾಚೆ ಪ್ಲಾಟ್‌ಫಾರಂ ಕಲ್ಲಿನ ಮೇಲೆ ಹನಿ ಬಿದ್ದವು. ನಾನು ನೋಡಿದೆ. ಕಾಣಲಿಲ್ಲ ಎಂದು ಹೇಳುವ ಹಾಗಿಲ್ಲ, ಸ್ಪಷ್ಟವಾಗಿ ನೋಡಿದೆ. ಬರೀ ತುಂತುರು, ಅಷ್ಟರಲ್ಲಿ ಗಾಡಿ ಬಂದುಬಿಡುತ್ತದೆ ಎಂದುಕೊಂಡು ಹಿಡಿದ ಸಾಲು ಮುಗಿಸಿದೆ. ಆಮೇಲೆ ಇನ್ನೊಂದು ಸಾಲು. ಅಷ್ಟರಲ್ಲಿ ಮಳೆ ಧೋ ಎಂದು ಹೊಯ್ಯಿತು.

ಜಲ್ಲಿ ನೆನೆದು ಕರೆಂಟು ನೆಲಕ್ಕೆ ಇಳಿಯಿತು. ಬಾರದ ಗಾಡಿಯನ್ನು ಕಂಬಿ ಬಂತು ಎಂದಿತು. ಅದು ಸುಳ್ಳು ಎನ್ನಬೇಕಾದ ಟ್ರೆಡಲಿನ ಬಾಯನ್ನು ನಾನೇ ಕಟ್ಟಿಸಿದ್ದೆ. ಗಾಡಿ ಇನ್ನೂ ಇಳಿಜಾರಿನ ನೆತ್ತಿಯಲ್ಲಿರುವಾಗಲೇ ಕೈ ಬಿತ್ತು. ಡ್ರೈವರ್ ಯುದ್ಧದ ಕಾಲಕ್ಕೆಂದು ಬೇರೆ ದಾರಿಯಿಂದ ಬಂದ ಹೊಸಬ. ಕೈ ಬಿದ್ದಿದೆ, ದಾರಿ ಸುಗಮ ಎಂದುಕೊಂಡು ಬಿಟ್ಟುಕೊಂಡೇ ಬಂದ. ಎಂಜಿನ್ನು ತಿರುವಿನಲ್ಲಿ ಕಂಬಿ ಬಿಟ್ಟು ಮಗುಚಿತು. ಡ್ರೈವರ್ ಆಚೆ ಎಸೆಯಲ್ಪಟ್ಟು ಉಳಿದುಕೊಂಡ. ಬಲಸಮುದ್ರದ ಫೈರ್‌ಮನ್ ಅಡಿಯಾಗಿ ಸತ್ತ. ಡ್ರೈವರ್ ಆಮೇಲೆ ಹೇಳಿದ: ಕೊನೆಯ ಅರ್ಧ ಮೈಲಿ ಫೈರ್‌ಮನ್, ಈ ಕೈ ಇಷ್ಟು ದೂರಕ್ಕೆ ಬೀಳುವುದಲ್ಲ, ಏನೋ ಕೆಟ್ಟಿದೆ, ನಿಲ್ಲಿಸು ಎಂದು ಕೂಗುತ್ತಲೇ ಇದ್ದನಂತೆ, ತಾನೇ ಹಿಂದಕ್ಕೆ ನುಗ್ಗಿ ಕಲ್ಲಿದ್ದಲ ಡಬ್ಬಿಯ ಕೈಬ್ರೇಕು ತಿರುಗಿಸುತ್ತಿದ್ದನಂತೆ. ಮೇಸ್ತ್ರಿಯ ಕೈಕಂಬವನ್ನು ಅಷ್ಟು ಬಲ್ಲವನೇ ಎಂಜಿನ್ನಿನ ಅಡಿಯಲ್ಲಿ ಸತ್ತ.

ಮೇಸ್ತ್ರಿ ದಕ್ಷಿಣದ ಕಂಬದಿಂದ ಮಳೆಯಲ್ಲಿ ಓಡಿಬಂದಿದ್ದ. ಹನಿ ಬಿದ್ದದ್ದು ಕಂಡ ಕೂಡಲೇ, ಯಾರೂ ಕರೆಯದೆ, ಓಡಲು ಶುರು ಮಾಡಿದ್ದ. ಮುಕ್ಕಾಲು ಮೈಲಿ. ಪ್ಲಾಟ್‌ಫಾರಂ ದಾಟುವಾಗ ಕಿಟಕಿಯಲ್ಲಿ ನನ್ನನ್ನು ನೋಡಿದ. ನನ್ನ ಕೈಯಲ್ಲಿ ಪೆನ್ನಿತ್ತು. ಆತ ನಿಲ್ಲಲಿಲ್ಲ. ಟ್ರೆಡಲಿಗೆ ಇನ್ನೂ ನೂರು ಹೆಜ್ಜೆ ಇರುವಾಗ ಎಂಜಿನ್ನು ಆತನ ಕಣ್ಣೆದುರಿಗೇ ಮಗುಚಿತು.

ವಿಚಾರಣೆ ನಮ್ಮ ಸ್ಟೇಷನ್ನಿನಲ್ಲೇ ನಡೆಯಿತು. ತಂತಿ ಕಟ್ಟಿದ್ದು ಯಾರು ಎಂದು ಕೇಳಿದರು. "ನಾನು" ಎಂದ ಮೇಸ್ತ್ರಿ. ಯಾರು ಹೇಳಿದ್ದು ಎಂದರು. "ಯಾರೂ ಹೇಳಿಲ್ಲ." ನಾನು ಎರಡು ಮೊಳ ದೂರದಲ್ಲಿ ಕೂತಿದ್ದೆ. ಬಾಯಿ ತೆರೆದರೆ ಮುಗಿಯುತ್ತಿತ್ತು. ತೆರೆಯಲಿಲ್ಲ. ನನ್ನನ್ನು ಕೇಳಿದಾಗ, ತಂತಿ ಕಟ್ಟಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ ಎಂದೆ. ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಮೇಸ್ತ್ರಿಗೆ ಅರ್ಥವಾಗಿರಲಾರದು ಎಂದು ಕೆಲವು ದಿನ ನನಗೆ ನಾನೇ ಸಮಾಧಾನ ಮಾಡಿಕೊಂಡೆ.

ಮೇಸ್ತ್ರಿಯನ್ನು ಕೆಲಸದಿಂದ ತೆಗೆದರು. ಸಾಮಾನು ಎತ್ತಿನ ಗಾಡಿಗೆ ಹೇರಿಸುವ ದಿನ ಹೋಗಿ ಎದುರು ನಿಂತೆ. ಏನೋ ಹೇಳಲು ಹೊರಟೆ.

"ಕಟ್ಟಿದ್ದು ನನ್ನ ಕೈ ಅಯ್ನೋರೆ, ನಿಮ್ಮ ಬಾಯಲ್ಲ," ಎಂದ. "ಆಗಾಕಿಲ್ಲ ಅಂದವನು ಆಗಾಕಿಲ್ಲ ಅಂತಲೇ ಇರಬೇಕಿತ್ತು."

ನನ್ನನ್ನು ಉಳಿಸಲು ಆತ ಸುಳ್ಳು ಹೇಳಿದ ಎಂದು ಆವರೆಗೆ ತಿಳಿದಿದ್ದೆ. ಹಾಗಲ್ಲ. ಆತನ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು. ಹೆಂಡತಿ ಗಾಡಿಯಲ್ಲಿ ಆ ಕಡೆ ಮುಖ ಮಾಡಿ ಕೂತಿದ್ದಳು. ಅವಳು ತಿರುಗಿ ನೋಡಲಿಲ್ಲ.

ಆಮೇಲೆ ನಾನು ದೊಡ್ಡ ಸ್ಟೇಷನ್ನಿಗೆ ಹೋದೆ, ಬಡ್ತಿಯೂ ಬಂತು. ಪ್ರತಿ ವರ್ಷ ಶಿರಾಕ್ಕೆ ಹೋಗುವಾಗ ಪುರವರದ ಕಡೆ ಹೋಗಬೇಕು ಎಂದುಕೊಳ್ಳುವುದು, ಮಧುಗಿರಿಯಲ್ಲಿ ಬಸ್ಸು ನಿಂತಾಗ ಸೀಟಿಗೆ ಅಂಟಿಕೊಂಡು ಕೂತುಬಿಡುವುದು. ಆತ ನನ್ನ ಮುಖಕ್ಕೆ ಉಗಿಯುತ್ತಾನೆ ಎಂಬ ಹೆದರಿಕೆ. ಉಗಿಯದೆ ಹೋದರೆ ಏನು ಮಾಡಲಿ ಎಂಬ ಹೆದರಿಕೆ ಅದಕ್ಕಿಂತ ಜಾಸ್ತಿ.

ಕಾರ್ಡು ಬಂದ ಮೇಲೆ ಹೋದೆ. ಆತನ ಹಳ್ಳಿಯಲ್ಲಿ ಒಂದು ಗುಡಿಸಲು, ಮುಂದೆ ನಾಲ್ಕು ಕುರಿ. ಹೆಂಡತಿ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ನಾನು ಕೂರದೆಯೇ ಎಲ್ಲವನ್ನೂ ಹೇಳಿದೆ: ನಾನು ಕಾಡಿದ್ದು, ಹನಿ ಬಿದ್ದಾಗ ಕೂತಿದ್ದು, ವಿಚಾರಣೆಯಲ್ಲಿ ಆಡಿದ ಮಾತು. ಕಚೇರಿಗೆ ಈಗಲಾದರೂ ಬರೆಯುತ್ತೇನೆ, ಆತನ ಹೆಸರಿನ ಮೇಲಿನ ಮಸಿ ಒರೆಸುತ್ತೇನೆ ಎಂದೆ.

"ಗೊತ್ತು ಸಾಮಿ. ಅವತ್ತೇ ಹೇಳಿದ್ರು," ಎಂದಳು. "ಬರೀಬೇಕು ಅನಿಸಿದ್ರೆ ಬರ್ಕಳಿ. ನಿಮ್ಮ ಮನಸಿಗೆ ಆಗ್ತೈತೆ."

"ಮೇಸ್ತ್ರಿಗೆ ನನ್ನ ಮೇಲೆ ಬಹಳ ಸಿಟ್ಟಿತ್ತೇ?"

ಅವಳು ಸುಲಿದ ಕಾಳನ್ನು ಮೊರದಲ್ಲಿ ಒಂದು ಕಡೆಗೆ ಸರಿಸಿದಳು.

"ನಂಗಿತ್ತು ಸಿಟ್ಟು. ನನ್ನ ತಮ್ಮನಂಗಿದ್ದ ಕದಾ, ಆ ಎಂಜಿನ್ನಿನ ಹುಡುಗ. ಅವ್ರಿಗೆ ಸಿಟ್ಟು ಇರ್ಲಿಲ್ಲ. ಅವ್ರಿಗೆ ಮಾತಾಡಾಕೆ ಜನ ಇರ್ಲಿಲ್ಲ ಸಾಮಿ. ಈ ಊರಾಗೆ ರೈಲೇ ಯಾರೂ ಸರಿಯಾಗಿ ಕಂಡಿಲ್ಲ. ಟ್ರೆಡಲು, ಕಂಬಿ, ಕರೆಂಟು ಅಂದ್ರೆ ಯಾರ್ಗೆ ತಿಳೀತೈತೆ? ಎದ್ದೋಗ್ಬುಡೋರು. ನನ್ನ ಕೂರ್ಸ್ಕಂಡು ಹೇಳೋರು. ನಾನು ಹ್ಞೂಂ ಅಂತಿದ್ದೆ. 'ನಿನ್ಗೇನು ಗೊತ್ತಾಗ್ತೈತೆ ಬುಡು, ಅಯ್ನೋರು ಬಂದ್ರೆ ಅವ್ರಿಗೆ ಹೇಳ್ತೀನಿ' ಅನ್ನೋರು. ಮಧುಗಿರಿ ಬಸ್ಸು ಬಂದ್ರೆ ಹೋಗಿ ನಿಂತ್ಕಳೋರು."

ನಾನು ಚಾಪೆಯ ಮೇಲೆ ಕೂತೆ. ಏನು ಹೇಳಬೇಕಾಗಿತ್ತಂತೆ ಎಂದು ಕೇಳಿದೆ.

"ಒಂದು ದಾರಿ ಸಿಕ್ಕೈತೆ ಅಂತಿದ್ರು. ಮಳೆ ಬಂದ್ರೂ, ಯಾರಾದ್ರೂ ತಂತಿ ಕಟ್ಟಿದ್ರೂ, ಕೈ ಬೀಳ್ದಂಗೆ ಮಾಡಬೋದು ಅಂತ. ಅವನು ಸತ್ತಾಗಿಂದ ಅದೇ ಯೋಚ್ನೆ ಅವ್ರಿಗೆ. ಮಣ್ಣಾಗೆ ಬರ್ದು ಬರ್ದು ಅಳಿಸೋರು. ಹೋದ ಬ್ಯಾಸ್ಗೇಲಿ ಒಂದಿನ, ಸಿಕ್ತು ಕಣೇ ಅಂತ ಅತ್ತುಬುಟ್ರು."

"ಏನಂತ ಹೇಳಿದ? ನೆನಪಿದ್ದಷ್ಟು ಹೇಳಮ್ಮ."

ಅವಳು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು, ಕಣ್ಣು ಮುಚ್ಚಿ, ಒಂದೊಂದೇ ಮಾತನ್ನು ಜೋಪಾನವಾಗಿ ಹೇಳಿದಳು.

"ಕಂಬಿ ಮೊದ್ಲು 'ಇಲ್ಲ' ಅನ್ನಬೇಕಂತೆ. ಆಮ್ಯಾಕೆ 'ಬಂತು' ಅನ್ನಬೇಕಂತೆ. ಬಂತು ಅಂದ ಮೇಲೆ ಟ್ರೆಡಲು..." ಅಲ್ಲಿಗೆ ನಿಂತಳು. ತುಟಿ ಅಲುಗುತ್ತಿತ್ತು. ಮತ್ತೆ ಮೊದಲಿನಿಂದ ಶುರು ಮಾಡಿ ಅಲ್ಲಿಗೇ ಬಂದು ನಿಂತಳು. ನಾನು ಮಣ್ಣಿನಲ್ಲಿ ಗೆರೆ ಎಳೆದು ಹೀಗೋ, ಹಾಗೋ ಎಂದು ಕೇಳಿದೆ. ಅವಳು ಗೆರೆಗಳನ್ನೇ ನೋಡುತ್ತಾ ಕೂತಿದ್ದಳು.

"ಮರ್ತೋಯ್ತು ಸಾಮಿ," ಎಂದಳು. "ನೀವು ಒಂದ್ಸಲ ಬಂದಿದ್ರೆ ಆಗಿತ್ತು."